ದುಂಡಕ್ಷರಗಳ ಕಥೆ

ಬರೆಯುವ ಸಾಧನವು ಬದಲಾದಂತೆ ಅಕ್ಷರಗಳ ರೂಪವೂ ಬದಲಾಗುತ್ತದೆ. ಪ್ರಾಚೀನ ಗ್ರೀಕರೂ ರೋಮನರೂ ತಮ್ಮ ಶಾಸನಗಳನ್ನು ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು. ಉಳಿಗೆ ನೇರಗೆರೆ ಸುಲಭ, ಬಾಗುಗೆರೆ ಶ್ರಮದ ಕೆಲಸ. ಆದರೆ ಜೊಂಡಿನ ಕಡ್ಡಿಯಿಂದಲೋ ಹಕ್ಕಿಯ ಗರಿಯಿಂದಲೋ ಮಾಡಿದ ಲೇಖನಿಗೆ ಆ ಕಷ್ಟವಿಲ್ಲ. ಅದು ಸರಾಗವಾಗಿ ಬಾಗಿ ಸಾಗುತ್ತದೆ. ನೀವು ಇಂಗ್ಲಿಷಿನಲ್ಲಿ ಕಲಿತಿರುವ ದೊಡ್ಡ ‘ಇ’ ಅಕ್ಷರವನ್ನು ನೆನಪಿಸಿಕೊಳ್ಳಿರಿ. ಅದರಲ್ಲಿ ಒಂದು ನಿಲುಗೆರೆ, ಮೂರು ಅಡ್ಡಗೆರೆಗಳಿವೆ. ಲೇಖನಿಯ ಬರವಣಿಗೆಯಲ್ಲಿ ಅದು ಒಂದು ಅರೆವೃತ್ತವೂ ನಡುವಿನ ಒಂದು ಅಡ್ಡಗೆರೆಯೂ ಆಯಿತು. ಗ್ರೀಕರ ‘ಸಿಗ್ಮಾ’ ಅಕ್ಷರವು ತನ್ನ ಮೂಲೆಗಳನ್ನು ಕಳೆದುಕೊಂಡು ಅರ್ಧಚಂದ್ರಾಕೃತಿಯನ್ನು ತಾಳಿತು.

ಈ ದುಂಡನೆಯ ಬರವಣಿಗೆಯನ್ನು ವಿದ್ವಾಂಸರು ‘ಅನ್ಸಿಯಲ್’ ಎಂದು ಕರೆಯುತ್ತಾರೆ. ಕ್ರಿ.ಶ. 4ನೆಯ ಶತಮಾನದಿಂದ 8ನೆಯ ಶತಮಾನದವರೆಗೆ ಗ್ರಂಥಗಳನ್ನು ಬರೆಯಲು ಇದು ವಿಶೇಷವಾಗಿ ಬಳಕೆಯಲ್ಲಿತ್ತು. ಸಿನಾಯ್ ಪರ್ವತದ ಮಠದಲ್ಲಿ ದೊರೆತ 4ನೆಯ ಶತಮಾನದ ಗ್ರೀಕ್ ಬೈಬಲ್ ಇದಕ್ಕೆ ಒಳ್ಳೆಯ ನಿದರ್ಶನ. ಅದರ ಬಹುಭಾಗ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರಲ್ಲಿ ಪದಪದಗಳ ನಡುವೆ ತೆರಪಿಲ್ಲ. ಓದುವವನೇ ಪದಗಳನ್ನು ಬಿಡಿಸಿಕೊಳ್ಳಬೇಕು.

ಆ ಗ್ರಂಥಗಳ ಹಾಳೆಗಳು ಚರ್ಮದವು. ಕುರಿ, ಆಡು, ಕರುಗಳ ತೊಗಲಿನ ಕೂದಲನ್ನು ತೆಗೆದು, ಬಿಗಿದು ಒಣಗಿಸಿ, ನಯಗೊಳಿಸಿ ಅವನ್ನು ಸಿದ್ಧಪಡಿಸುತ್ತಿದ್ದರು. ದೊಡ್ಡ ದುಂಡಕ್ಷರಗಳಿಗೆ ಹಾಳೆಗಳು ಹೆಚ್ಚು ಬೇಕಾಗುತ್ತಿದ್ದವು. ಚರ್ಮಪತ್ರವು ದುಬಾರಿಯಾದುದರಿಂದ ಕೆಲವೊಮ್ಮೆ ಹಳೆಯ ಗ್ರಂಥದ ಮಸಿಯನ್ನು ಅಳಿಸಿ, ಅದರ ಮೇಲೆಯೇ ಹೊಸ ಗ್ರಂಥವನ್ನು ಬರೆಯುತ್ತಿದ್ದರು.

ರೋಮಿನ ಮಹಾವಾಗ್ಮಿ ಸಿಸೆರೋ ಕ್ರಿ.ಪೂ. 1ನೆಯ ಶತಮಾನದಲ್ಲಿ ರಾಜ್ಯವ್ಯವಸ್ಥೆಯನ್ನು ಕುರಿತು ಒಂದು ಗ್ರಂಥವನ್ನು ರಚಿಸಿದ್ದನು. ಅದರ ದುಂಡಕ್ಷರದ ಒಂದು ಪ್ರತಿಗೆ ಇದೇ ಗತಿ ಒದಗಿತು. 7ನೆಯ ಶತಮಾನದಲ್ಲಿ ಇಟಲಿಯ ಬೊಬ್ಬಿಯೋ ಮಠದ ಸಂನ್ಯಾಸಿಗಳು ಅದನ್ನು ಅಳಿಸಿ, ಸಂತ ಅಗಸ್ಟೀನನ ವ್ಯಾಖ್ಯಾನವೊಂದನ್ನು ಬರೆದುಕೊಂಡರು. ಸಿಸೆರೋವಿನ ಗ್ರಂಥದ ಕೊನೆಯ ಭಾಗ ಮಾತ್ರ ಬೇರೆ ಪ್ರತಿಗಳಲ್ಲಿ ಉಳಿಯಿತು. ಮಿಕ್ಕುದು ನಷ್ಟವಾಯಿತೆಂದೇ ಲೋಕವು ಭಾವಿಸಿತು.

1819ರಲ್ಲಿ ವ್ಯಾಟಿಕನ್ ಗ್ರಂಥಾಲಯದಲ್ಲಿ ಅಂಜೆಲೊ ಮೈ ಎಂಬ ವಿದ್ವಾಂಸನು ಆ ಹಸ್ತಪ್ರತಿಯನ್ನು ಪರಿಶೀಲಿಸುತ್ತಿದ್ದನು. ಮೇಲಿನ ಸಣ್ಣ ಸಾಲುಗಳ ಹಿಂದೆ ದೊಡ್ಡ ದುಂಡಕ್ಷರಗಳು ಮಸುಕಾಗಿ ಕಾಣಿಸಿದವು. ಅವು ಸಿಸೆರೋವಿನ ಮಾತುಗಳಾಗಿದ್ದವು! 1822ರಲ್ಲಿ ಅವು ಅಚ್ಚಾದವು. ಆ ಹಾಳೆಗಳಲ್ಲಿ ದೊರೆತುದು ಇಡಿಯ ಗ್ರಂಥವಲ್ಲ, ಅದರ ಒಂದು ಭಾಗ ಮಾತ್ರ.

ಸಂನ್ಯಾಸಿಗಳು ಹಳೆಯ ಗ್ರಂಥವನ್ನು ಅಳಿಸಿದುದು ನಿಜ. ಆದರೆ ತಮ್ಮ ಗ್ರಂಥವೆಂದು ಆ ಹಾಳೆಗಳನ್ನು ಜೋಪಾನ ಮಾಡಿದವರೂ ಅವರೇ. ಆ ಜೋಪಾನದಿಂದಲೇ ಅಡಿಯಲ್ಲಿದ್ದ ದುಂಡಕ್ಷರಗಳೂ ನಮಗೆ ದಕ್ಕಿದವು.