ಕಾಣೆಯಾದವರ ಮನೆಯವರಿಗೊಂದು ಕಿವಿಮಾತು

ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಹಳ್ಳಿಗಳಿಂದ ಬೆಂಗಳೂರು, ಗೋವಾ, ಪುಣೆಗೆ ಗುಳೆ ಹೋಗುವವರು ಬಹಳ ಮಂದಿ. ಹೋದವರ ಫೋನು ಬಂದ್ ಆಗಿ ಸುದ್ದಿಯೇ ಇಲ್ಲದಿದ್ದರೆ, ‘ಹಬ್ಬಕ್ಕೆ ಬಂದಾನು’ ಎಂದು ಸುಮ್ಮನೆ ಕೂರಬೇಡಿ.

ದೂರು ಕೊಡಲು 24 ಗಂಟೆ ಕಾಯಬೇಕೆಂಬ ಕಾನೂನು ಇಲ್ಲ. ಅಪರಾಧದ ಸಂಶಯವಿದ್ದರೆ, ಘಟನೆ ದೂರದ ಊರಿನಲ್ಲಿ ನಡೆದಿದ್ದರೂ ನಿಮ್ಮ ಠಾಣೆಯಲ್ಲೇ ‘ಝೀರೋ ಎಫ್‌ಐಆರ್’ ಮಾಡಿಸಬಹುದು. ಇತ್ತೀಚಿನ ಫೋಟೊ, ಮೈಮೇಲಿನ ಮಚ್ಚೆ, ಗಾಯದ ಗುರುತು, ಕೆಲಸಕ್ಕೆ ಕರೆದೊಯ್ದ ಮೇಸ್ತ್ರಿಯ ನಂಬರು ಕೊಡಿ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ.

ಮಗು ಕಾಣೆಯಾದರೆ ತಡಮಾಡದೆ 112 ಅಥವಾ 1098ಕ್ಕೆ ಕರೆ ಮಾಡಿ. ಕಾಣೆಯಾದ ಮಗುವಿನ ದೂರನ್ನು ಎಫ್‌ಐಆರ್ ಆಗಿಯೇ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ಮುದಗಲ್ ಮೊಹರಂನಂಥ ಜನಜಂಗುಳಿಗೆ ಹೋಗುವಾಗ ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರಿನ ಚೀಟಿ ಇರಲಿ.

ವರ್ಷಗಳೇ ಉರುಳಿದರೆ ಆ ದೂರಿನ ಪ್ರತಿಯೇ ಆಧಾರ. ಏಳು ವರ್ಷ ಸುಳಿವಿಲ್ಲದವರನ್ನು ಮೃತರೆಂದು ಭಾವಿಸಲು ಸಾಕ್ಷ್ಯ ಕಾನೂನಿನಲ್ಲಿ ಅವಕಾಶವಿದೆ. ಆದರೆ ಅದು ತಾನಾಗಿ ಆಗುವುದಿಲ್ಲ. ಹೊಲದ ಖಾತೆ, ಬ್ಯಾಂಕಿನ ಹಣದ ವಿಚಾರಕ್ಕೆ ಕೋರ್ಟಿನ ಆದೇಶ ಬೇಕಾಗುತ್ತದೆ. ವಕೀಲರ ಫೀಸು ಕೊಡಲಾಗದವರು ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಉಚಿತ ನೆರವು ಕೇಳಬಹುದು. ಕಾಗದ ಮಾಡಿಸಿದ ಮಾತ್ರಕ್ಕೆ ಆಸೆ ಬಿಟ್ಟಂತಲ್ಲ, ತಪ್ಪು ಮಾಡಿದಂತೆಯೂ ಅಲ್ಲ.

ನೆರೆಹೊರೆಯವರೇ, ‘ಓಡಿಹೋಗಿರಬೇಕು’ ಎಂಬ ಮಾತು ಬೇಡ. ಕಾಣೆಯಾದವರ ತಾಯಿಯ ಜೊತೆ ಒಮ್ಮೆ ಠಾಣೆಗೆ ಹೋಗಿ ಬನ್ನಿ, ತನಿಖೆ ಎಲ್ಲಿಗೆ ಬಂತೆಂದು ಅವಳ ಪರವಾಗಿ ಕೇಳಿ.