ಉದ್ದ ಸಸಿಗೆ ಮತ್ತೆ ಜಿಬ್ಬರೆಲಿಕ್ ಆಮ್ಲ ಬೇಡ

ಭತ್ತ ಕೊಯ್ದ ಗದ್ದೆಗೆ ತರಕಾರಿ ಇಳಿಸಬೇಕಾದರೆ ಬದನೆ, ಮೆಣಸಿನ ಸಸಿಯನ್ನು ಮಳೆ ಪೂರ್ತಿ ಬಿಡುವ ಮೊದಲೇ ಎಬ್ಬಿಸಬೇಕು. ಬ್ರಹ್ಮಾವರ, ಕುಂದಾಪುರದ ಕಡೆ ಆಗ ಬಾನಲ್ಲಿ ಮೋಡ, ಅಂಗಳದಲ್ಲಿ ತೆಂಗಿನ ನೆರಳು. ಬೆಳಕು ಸಾಲದ ಸಸಿ ನೂಲಿನಂತೆ ಉದ್ದವಾಗುತ್ತದೆ. ಅದಕ್ಕೆ 'ಟಾನಿಕ್' ಹೊಡೆಯುವ ಮೊದಲು ಬಾಟಲಿಯ ಚೀಟಿ ಓದಿ. ಜಿಬ್ಬರೆಲಿಕ್ ಆಮ್ಲ ಎಂದಿದ್ದರೆ ಬದಿಗಿಡಿ.

ಈ ಹಾರ್ಮೋನು ಪತ್ತೆಯಾದದ್ದೇ ಭತ್ತದ ಅಗೆಯ ರೋಗದಿಂದ. ಅಗೆ ಬಿಳಚಿಕೊಂಡು ಎತ್ತರವಾಗಲು ಶಿಲೀಂಧ್ರ ಸ್ರವಿಸುವ ವಸ್ತುವೇ ಕಾರಣವೆಂದು ಜಪಾನಿನ ಎಯಿಚಿ ಕುರೊಸಾವ 1926ರಲ್ಲಿ ತೋರಿಸಿದರು. ಅದು ಕಾಂಡದ ಎಳೆ ಜೀವಕೋಶಗಳ ಗೋಡೆಯನ್ನು ಸಡಿಲಿಸುತ್ತದೆ. ಕೋಶ ನೀರು ಹೀರಿ ಉದ್ದಕ್ಕೆ ಹಿಗ್ಗುತ್ತದೆ. ಗೆಣ್ಣುಗಳ ಸಂಖ್ಯೆ ಅಷ್ಟೇನೂ ಏರುವುದಿಲ್ಲ, ಅವುಗಳ ನಡುವಿನ ಅಂತರ ಏರುತ್ತದೆ. ನೆರಳಲ್ಲಿ ಗೋಡೆ ದಪ್ಪಗಾಗಲು ಬೇಕಾದ ಸಕ್ಕರೆಯೂ ತಯಾರಾಗದು. ನಾಟಿಯ ಮರುದಿನ ಒಂದು ಗಾಳಿಮಳೆ ಬಂದರೆ ಸಾಕು, ಸಸಿ ಮಲಗಿತು.

ಟ್ರೇಯನ್ನು ಬೆಳಕಿಗೆ ತನ್ನಿ, ಸಸಿ ವಿರಳ ಮಾಡಿ, ನೀರು ಹಿಡಿತದಲ್ಲಿಡಿ. ಎಲೆ ಒಣಗಿದ್ದಾಗ ದಿನಕ್ಕೆ ಕೆಲವು ಸಲ ಬದನೆ ಸಸಿಯ ತುದಿಯ ಮೇಲೆ ಅಂಗೈ ಮೆಲ್ಲಗೆ ಸವರಿ. ಗಾಳಿಗೆ ಒಡ್ಡಿದ ಹಾಗೆ ಕಾಂಡ ಗಿಡ್ಡವಾಗಿ ಗಟ್ಟಿಯಾಗುತ್ತದೆ, ಕಾಸಿನ ಖರ್ಚಿಲ್ಲ. ಮಾವಿಗೆ ಬಳಸುವ ಪ್ಯಾಕ್ಲೋಬ್ಯುಟ್ರಜಾಲ್ ಕೂಡ ಗಿಡ ಕುಗ್ಗಿಸುತ್ತದೆ ನಿಜ, ಆದರೆ ಮಣ್ಣಿನಲ್ಲಿ ಬಹುಕಾಲ ಉಳಿಯುವ ಅದನ್ನು ತರಕಾರಿ ಮಡಿಗೆ ತರುವುದು ನನಗೆ ಸರಿ ಕಾಣದು.

ಹಾರ್ಮೋನು ನಿಜವಾಗಿ ಪ್ರಯೋಜನಕ್ಕೆ ಬರುವುದು ಸೌತೆಯಲ್ಲಿ, ಆದರೆ ಅದು ಎಥಿಲೀನ್ ಎಂಬ ಬೇರೆ ಹಾರ್ಮೋನು. ಎರಡೆಲೆಯ ಹೊತ್ತಿಗೇ ಕುಡಿಯ ತುದಿಯಲ್ಲಿ ಕಣ್ಣಿಗೆ ಕಾಣದ ಹೂಮೊಗ್ಗು ರೂಪುಗೊಳ್ಳುತ್ತಿರುತ್ತದೆ. ಪ್ರತಿ ಮೊಗ್ಗಿನಲ್ಲೂ ಮೊದಲು ಕೇಸರ, ಅಂಡಾಶಯ ಎರಡರ ಮೊಳಕೆಯೂ ಇರುತ್ತದೆ. ಒಂದು ನಿಂತು ಇನ್ನೊಂದು ಬೆಳೆಯುತ್ತದೆ. ಎಥಿಲೀನ್ ಹೆಚ್ಚಿದರೆ ಕೇಸರ ನಿಂತು ಹೆಣ್ಣು ಹೂವಾಗುತ್ತದೆ, ಜಿಬ್ಬರೆಲಿನ್ (ಜಿಬ್ಬರೆಲಿಕ್ ಆಮ್ಲದ ಗುಂಪಿನ ಹಾರ್ಮೋನು) ಹೆಚ್ಚಿದರೆ ಗಂಡು. ಹಾಗಾಗಿ ಬಳ್ಳಿ ಹಬ್ಬಿ ಗಂಡು ಹೂ ತುಂಬಿದ ಮೇಲೆ ಸಿಂಪಡಿಸಿದರೆ ತಡವಾಯಿತು. ಎಥಿಲೀನ್ ಬಿಡುವ ಎಥೆಫಾನ್ ಶೇ. 39ರ ದ್ರಾವಣವನ್ನು ಲೀಟರ್ ನೀರಿಗೆ ಅರ್ಧ ಮಿ.ಲೀ.ನಂತೆ ಬೆರೆಸಿದರೆ ಸುಮಾರು 200 ಪಿಪಿಎಂ. ಎರಡೆಲೆ, ನಾಲ್ಕೆಲೆಯ ಹಂತಗಳಲ್ಲಿ ಸಂಜೆ ಸಿಂಪಡಿಸಬೇಕು. ಪ್ರಮಾಣ ಮೀರಿದರೆ ಬಳ್ಳಿಯೇ ಕುಗ್ಗುತ್ತದೆ. ಮೊದಲು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ನಾಲ್ಕಾರು ಬಳ್ಳಿಗೆ ಹೊಡೆದು ನೋಡಿ.

ಬೈಂದೂರು ಕಡೆಯ ಕಲ್ಲಂಗಡಿ ಬೆಳೆಗಾರರು ಇದೇ ಲೆಕ್ಕವನ್ನು ತಮ್ಮ ಗದ್ದೆಗೆ ಒಯ್ಯಬಾರದು. ಕಲ್ಲಂಗಡಿಯಲ್ಲಿ ಎಥಿಲೀನ್ ಕೆಲಸ ತಿರುಗುಮುರುಗು: ಹೆಣ್ಣು ಹೂವೇ ಕಡಿಮೆಯಾಗುತ್ತದೆ.