ಮೈಕ್ ಕೊಳ್ಳುವ ಮುನ್ನ ಕೋಣೆಯ ಲೆಕ್ಕ

ವೀಣೆಯನ್ನೋ ಕೊಳಲನ್ನೋ ಮನೆಯಲ್ಲೇ ರೆಕಾರ್ಡ್ ಮಾಡಬೇಕೆಂದು ಹೊರಟವರು ಮೊದಲು ತಬ್ಬಿಬ್ಬಾಗುವುದು ಬೆಲೆಯ ಅಂತರ ಕಂಡು. ಎರಡು ಸಾವಿರ ರೂಪಾಯಿಗೂ ಕಂಡೆನ್ಸರ್ ಮೈಕ್ ಸಿಗುತ್ತದೆ. ದೊಡ್ಡ ಸ್ಟುಡಿಯೊಗಳಲ್ಲಿ ಕಾಣುವ ಜರ್ಮನಿಯ ನಾಯ್‌ಮನ್ ಯು87 ಬೇಕೆಂದರೆ ಲಕ್ಷಗಳಲ್ಲೇ ಮಾತು. ಇವೆರಡರ ನಡುವೆ ನಮ್ಮಂಥವರು ಎಲ್ಲಿ ನಿಲ್ಲಬೇಕು? ನಾನು ಮೈಸೂರಿನಲ್ಲಿ ವೀಣೆ ನುಡಿಸುತ್ತೇನೆ, ಕಲಿಸುತ್ತೇನೆ. ದೂರದೂರಿನ ವಿದ್ಯಾರ್ಥಿಗಳಿಗೆ ಪಾಠ ಕಳುಹಿಸಬೇಕು, ಕೃತಿಗಳನ್ನು ನಾಲ್ಕು ಜನ ಕೇಳುವ ಮಟ್ಟದಲ್ಲಿ ಉಳಿಸಬೇಕು ಎಂಬ ಆಸೆಯಿಂದ ಈ ಲೆಕ್ಕಕ್ಕೆ ಕುಳಿತೆ. ಆಗ ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಮೈಕಿಗೆ ಎಷ್ಟು ಖರ್ಚು ಮಾಡಬೇಕೆಂಬುದನ್ನು ನೀವು ನುಡಿಸುವ ಕೋಣೆ ತೀರ್ಮಾನಿಸುತ್ತದೆ. ಕೋಣೆ ಸಿದ್ಧವಾಗದೆ ಮೈಕಿಗೆ ಸುರಿದ ಹೆಚ್ಚಿನ ಹಣ ಕಿವಿಗೆ ಕೇಳಿಸುವುದೇ ಇಲ್ಲ.

ಅಗ್ಗದ ಮೈಕ್ ಎಂದರೆ ಕಳಪೆ ಎಂಬ ಅಂಜಿಕೆಯನ್ನು ಮೊದಲು ಬಿಡಬೇಕು. ಅಮೆರಿಕದ ಇ.ಸಿ. ವೆಂಟೆ 1916ರಲ್ಲಿ ಕಂಡೆನ್ಸರ್ ಮೈಕ್ ರೂಪಿಸಿದಾಗ ಅದರೊಳಗಿನ ತೆಳು ಪೊರೆಗೆ ಹೊರಗಿನಿಂದ ವಿದ್ಯುತ್ ಒತ್ತಡ ಕೊಡುತ್ತಲೇ ಇರಬೇಕಿತ್ತು. ಜೊತೆಗೆ ವಾಲ್ವ್ ಆಂಪ್ಲಿಫೈಯರ್ ಬೇಕಿತ್ತು. ಹಾಗಾಗಿ ಅದು ಬಹುಕಾಲ ದುಬಾರಿ ಉಪಕರಣವಾಗಿಯೇ ಉಳಿಯಿತು. 1962ರಲ್ಲಿ ಬೆಲ್ ಪ್ರಯೋಗಾಲಯದ ಗೆರ್ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್, ವಿದ್ಯುದಂಶವನ್ನು ತನ್ನಲ್ಲೇ ಕಾಯಂ ಹಿಡಿದಿಟ್ಟುಕೊಳ್ಳುವ ತೆಳುಹಾಳೆಯ ಎಲೆಕ್ಟ್ರೆಟ್ ಮೈಕ್ ಮಾಡಿ ತೋರಿಸಿದರು. ಬೆಲೆ ಇಳಿಯಲು ದಾರಿ ತೆರೆದದ್ದು ಅಲ್ಲಿ. ಇಂದು ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಆಡಿಯೊ-ಟೆಕ್ನಿಕಾ ಎಟಿ2020 ಕೂಡ ಇದೇ ತತ್ವದ್ದು. ಅದರ ಮುಂದೆ ಚೆನ್ನಾಗಿ ಶ್ರುತಿಗೂಡಿದ ವಾದ್ಯ ಇಟ್ಟರೆ ಕೇಳುವವರು ಬೆಲೆ ಊಹಿಸಲಾರರು.

ಹಾಗಾದರೆ ದುಬಾರಿ ಮೈಕಿನಲ್ಲಿ ಹೆಚ್ಚಿಗೆ ಏನು ಸಿಗುತ್ತದೆ? ಮೈಕಿನ ಸ್ವಂತ ಗದ್ದಲ ಕಡಿಮೆ ಇರುತ್ತದೆ. ಒಂದೇ ಮಾದರಿಯ ಎರಡು ಮೈಕ್‌ಗಳು ಒಂದೇ ರೀತಿ ಕೇಳಿಸುತ್ತವೆ. ಮುಖ್ಯವಾಗಿ, ಬದಿಯಿಂದ ಬರುವ ಸದ್ದನ್ನೂ ಅವು ಹದಗೆಡಿಸದೆ ಹಿಡಿಯುತ್ತವೆ. ಅಗ್ಗದ ಮೈಕ್ ಎದುರಿನ ಸದ್ದನ್ನು ಚೆನ್ನಾಗಿ ಹಿಡಿದು ಬದಿಯದನ್ನು ಮಂಕಾಗಿಯೋ ಕರ್ಕಶವಾಗಿಯೋ ಹಿಡಿಯುತ್ತದೆ. ನಮ್ಮ ಮನೆಗಳಲ್ಲಿ ಬದಿಯಿಂದ ಬರುವುದೆಲ್ಲ ಗೋಡೆಗೆ ಬಡಿದು ಹಿಂದಿರುಗಿದ ಸದ್ದು. ಆ ಪ್ರತಿಫಲನವನ್ನೇ ತಗ್ಗಿಸಿದರೆ ಮೈಕಿನ ಕೊರತೆಯೂ ಅಷ್ಟರಮಟ್ಟಿಗೆ ಮರೆಯಾಗುತ್ತದೆ. ಕೋಣೆಗೆ ಹಾಕಿದ ಐದು ಸಾವಿರ ಮೈಕಿಗೆ ಹಾಕಿದ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂದು ನಾನು ನಂಬುವುದು ಈ ಕಾರಣಕ್ಕೆ.

ಮೈಸೂರಿನಲ್ಲಿ ಮನೆಯೇ ಸ್ಟುಡಿಯೊ ಆದ ಚರಿತ್ರೆ ಹಳೆಯದು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ‘ಆಕಾಶವಾಣಿ’ ರೇಡಿಯೊ ಕೇಂದ್ರವನ್ನು ಆರಂಭಿಸಿದ್ದು ತಮ್ಮ ಮನೆಯಲ್ಲಿ. ನನ್ನ ಮನೆಯಲ್ಲಿ ರೆಕಾರ್ಡಿಂಗ್‌ಗೆಂದು ಆರಿಸಿಕೊಂಡದ್ದು ರಸ್ತೆಗೆ ಬೆನ್ನು ಮಾಡಿರುವ ಹಿಂದಿನ ಕೋಣೆ. ಟೈಲ್ಸ್ ನೆಲದ ಮೇಲೆ ದಪ್ಪ ಜಮಖಾನ, ಎರಡು ಗೋಡೆಗಳಿಗೆ ನಾಲ್ಕು ಬೆರಳು ಅಂತರ ಬಿಟ್ಟು ಮರದ ಚೌಕಟ್ಟಿನಲ್ಲಿ ನಿಲ್ಲಿಸಿದ ಹತ್ತಿ ಹಾಸಿಗೆಗಳು, ಕಿಟಕಿಗೆ ಮಡಿಕೆ ಮಡಿಕೆಯಾದ ದಪ್ಪ ಪರದೆ, ಹಿಂಬದಿಗೆ ಪುಸ್ತಕದ ಕಪಾಟು. ಮೊಟ್ಟೆಯ ಟ್ರೇ ಅಂಟಿಸುವುದರಿಂದ ಹೇಳಿಕೊಳ್ಳುವ ಪ್ರಯೋಜನವಿಲ್ಲ. ತೆಳುವಾದ ಫೋಮ್ ಮೇಲಿನ ಸ್ಥಾಯಿಯ ಸದ್ದನ್ನಷ್ಟೇ ಹೀರಿ ಮಂದ್ರದ ಗುಂಯ್‌ಗುಡುವಿಕೆಯನ್ನು ಹಾಗೇ ಬಿಡುತ್ತದೆ. ಮಂದ್ರವನ್ನು ಹೀರಲು ದಪ್ಪವೇ ಬೇಕು. ಹಾಸಿಗೆಗಳು ಕೋಣೆಯೊಳಗಿನ ಪ್ರತಿಫಲನ ತಗ್ಗಿಸುತ್ತವೆಯೇ ಹೊರತು ಹೊರಗಿನ ಹಾರ್ನ್ ತಡೆಯುವುದಿಲ್ಲ ಎಂಬುದೂ ನೆನಪಿರಲಿ. ಅದಕ್ಕೆ ಪುಕ್ಕಟೆ ಪರಿಹಾರವೆಂದರೆ ಹೊತ್ತು ನೋಡಿ ನುಡಿಸುವುದು: ರಾತ್ರಿ ಹತ್ತರ ಮೇಲೆ, ಫ್ಯಾನ್ ಆರಿಸಿ, ಫ್ರಿಜ್‌ನ ಸದ್ದು ಕೇಳಿಸುವಂತಿದ್ದರೆ ಅದನ್ನೂ ಅಷ್ಟು ಹೊತ್ತು ನಿಲ್ಲಿಸಿ.

ಕೋಣೆ ಒಂದು ಹದಕ್ಕೆ ಬಂದ ಮೇಲೆ ಕ್ಯಾಟಲಾಗ್‌ನ ಅಂಕಿಗಳಿಗೆ ಅರ್ಥ ಬರುತ್ತದೆ. ನಾನು ಮೊದಲು ನೋಡುವುದು ಸೆಲ್ಫ್ ನಾಯ್ಸ್, ಅಂದರೆ ಮೈಕಿನ ಒಳಗೇ ಹುಟ್ಟುವ ಶ್ಶ್ ಎಂಬ ಸದ್ದು. ಎಟಿ2020ರಲ್ಲಿ ಇದು 20 ಡೆಸಿಬೆಲ್. ಆಸ್ಟ್ರೇಲಿಯಾದ ರೋಡ್ ಕಂಪನಿಯ ಎನ್‌ಟಿ1-ಎಯಲ್ಲಿ 5. ಮೃದಂಗ, ಪಿಟೀಲು, ನಾದಸ್ವರದಂಥ ಗಟ್ಟಿ ದನಿಗೆ 20 ಧಾರಾಳವಾಗಿ ಸಾಕು, ಹೆಚ್ಚು ಕೊಡಬೇಕಾಗಿಲ್ಲ. ವೀಣೆ ಮತ್ತು ತಂಬೂರಿಯ ಮಾತೇ ಬೇರೆ. ಮೀಟಿದ ಸ್ವರ ಕ್ರಮೇಣ ಕ್ಷೀಣಿಸುತ್ತದೆ, ಆ ಇಳಿತದಲ್ಲೇ ಗಮಕ ನಡೆಯುತ್ತದೆ. ದನಿ ಸಣ್ಣದೆಂದು ಗೇನ್ ಏರಿಸಿದಾಗ ಮೈಕಿನ ಶ್ಶ್ ಕೂಡ ಏರುತ್ತದೆ. ಇಂಥ ವಾದ್ಯಕ್ಕೆ 15ಕ್ಕಿಂತ ಕಡಿಮೆ ಇರುವ ಮೈಕ್ ಹುಡುಕುವುದು ಒಳ್ಳೆಯದು. ಆದರೆ ಫ್ಯಾನ್ ತಿರುಗುವ ಕೋಣೆಯಲ್ಲಿ 5ಕ್ಕೂ 20ಕ್ಕೂ ವ್ಯತ್ಯಾಸ ಹುಡುಕಿದರೆ ಸಿಗದು.

ಎರಡನೆಯದು ಡಯಾಫ್ರಂ, ಅಂದರೆ ಮೊದಲು ಹೇಳಿದ ಒಳಗಿನ ತೆಳು ಪೊರೆ. ದೊಡ್ಡ ಡಯಾಫ್ರಂ ಇದ್ದರೆ ಸ್ವಂತ ಗದ್ದಲ ಸಾಮಾನ್ಯವಾಗಿ ಕಡಿಮೆ. ಸಣ್ಣ ಡಯಾಫ್ರಂನದು, ಪೆನ್ಸಿಲ್ ಆಕಾರದ್ದು, ಬದಿಯ ಸದ್ದನ್ನು ಹೆಚ್ಚು ನಿಷ್ಠೆಯಿಂದ ಹಿಡಿಯುತ್ತದೆ. ಮೀಟು, ಬಿಲ್ಲಿನ ತಿರುವು, ಮೃದಂಗದ ಚಾಪುಗಳ ಅಂಚು ಅದರಲ್ಲಿ ಸ್ಪಷ್ಟ. ಮೂರನೆಯದು ದೂರ. ನಮಗೆ ಸಿಗುವ ಬಹುಪಾಲು ಮೈಕ್‌ಗಳು ಕಾರ್ಡಿಯಾಯ್ಡ್, ಅಂದರೆ ಎದುರಿನದನ್ನು ಹೆಚ್ಚು ಕೇಳುವಂಥವು. ಇವನ್ನು ವಾದ್ಯಕ್ಕೆ ತೀರ ಹತ್ತಿರ ಇಟ್ಟಷ್ಟೂ ಮಂದ್ರ ಉಬ್ಬುತ್ತದೆ. ವೀಣೆಯ ಕೊಡದಿಂದ ಅರ್ಧ ಅಡಿಯಲ್ಲಿಟ್ಟರೆ ನಾದ ಕೊಡದೊಳಗೇ ಸಿಕ್ಕಿಕೊಂಡಂತೆ ಕೇಳುತ್ತದೆ. ಒಂದೂವರೆ, ಎರಡು ಅಡಿ ಹಿಂದೆ ಸರಿದು, ಕೊಡ ಮತ್ತು ಮೆಟ್ಟಿಲುಗಳು ಸೇರುವೆಡೆಗೆ ಸ್ವಲ್ಪ ಮೇಲಿನಿಂದ ಮುಖ ಮಾಡಿಸಿದರೆ ತಂತಿ ಮತ್ತು ಮರ ಎರಡೂ ಒಟ್ಟಿಗೆ ಬರುತ್ತವೆ. ಆದರೆ ದೂರ ಇಮ್ಮಡಿಯಾದಾಗ ವಾದ್ಯದ ನೇರ ಸದ್ದು ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. ಹಿಂದೆ ಸರಿಯುವ ಸ್ವಾತಂತ್ರ್ಯ ಕೊಡುವುದೂ ಕೋಣೆಯೇ.

ಉಳಿದ ವಾದ್ಯಗಳ ಬಗ್ಗೆ ಚುಟುಕಾಗಿ: ಕೊಳಲಿಗೆ ಮೈಕನ್ನು ತುಟಿಯ ನೇರಕ್ಕೆ ಇಡದೆ, ಊದುರಂಧ್ರ ಮತ್ತು ಬೆರಳುಗಳ ನಡುವೆ, ಮೇಲಿನಿಂದ ಇಳಿಸಿದರೆ ಉಸಿರಿನ ಅಬ್ಬರ ತಪ್ಪುತ್ತದೆ. ಪಿಟೀಲಿಗೆ ಎರಡು ಮೂರು ಅಡಿ ಎತ್ತರ ಬೇಕು. ಮೇಲಿನ ಸ್ಥಾಯಿಯನ್ನು ಎತ್ತಿ ತೋರಿಸುವ ಮೈಕ್ ಅದಕ್ಕೆ ಹೊಂದದು. ಬರೀ ಮೃದಂಗವೆಂದರೆ ಶ್ಯೂರ್ ಎಸ್‌ಎಂ57ನಂಥ ಡೈನಮಿಕ್ ಮೈಕ್ ಸಾಕು. 1965ರಿಂದ ಇರುವ ಈ ಮಾದರಿ ಗಟ್ಟಿಮುಟ್ಟು, ಬೆಲೆಯೂ ಹತ್ತು ಸಾವಿರದ ಆಸುಪಾಸು. ಇದರ ನಕಲುಗಳು ಬಹಳ ಓಡಾಡುತ್ತವೆ, ಹಾಗಾಗಿ ಅಧಿಕೃತ ಮಾರಾಟಗಾರರಲ್ಲೇ ಕೊಂಡು ರಸೀದಿ ಇಟ್ಟುಕೊಳ್ಳಿ.

ಈಗ ದುಡ್ಡಿನ ಹಂಚಿಕೆ. ನಾನು ಒಟ್ಟು 40,000 ರೂಪಾಯಿ ಮೀಸಲಿಟ್ಟೆ. ಕೋಣೆಗೆ 5,000, ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್‌ಗೆ 11,000, ಹೆಡ್‌ಫೋನ್‌ಗೆ 5,000, ಅಲುಗಾಡದ ಸ್ಟ್ಯಾಂಡ್ ಮತ್ತು ಕೇಬಲ್‌ಗೆ 3,000, ಮೈಕಿಗೆ 14,000. ಉಳಿದ 2,000 ರಿಪೇರಿಗೆಂದು ಪಕ್ಕಕ್ಕೆ. ಅಂದರೆ ಮೈಕಿನ ಪಾಲು ಒಟ್ಟು ಖರ್ಚಿನ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು. ಈ ಪ್ರಮಾಣವನ್ನೇ ನಾನು ವಿದ್ಯಾರ್ಥಿಗಳಿಗೂ ಹೇಳುತ್ತೇನೆ. ಕಂಡೆನ್ಸರ್ ಮೈಕಿಗೆ 48 ವೋಲ್ಟ್‌ನ ಫ್ಯಾಂಟಮ್ ಪವರ್ ಬೇಕು, ಅದನ್ನು ಇಂಟರ್‌ಫೇಸ್ ಕೊಡುತ್ತದೆ. ಅದಿಲ್ಲದೆ ಮೈಕ್ ಮಾತ್ರ ಕೊಂಡರೆ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಪಾಠ ಕಳುಹಿಸುವುದಷ್ಟೇ ಉದ್ದೇಶವಾದರೆ ನೇರವಾಗಿ ಕಂಪ್ಯೂಟರ್‌ಗೆ ಸಿಕ್ಕಿಸುವ ಯುಎಸ್‌ಬಿ ಮೈಕ್ ಸಾಕು, ಖರ್ಚು ಅರ್ಧಕ್ಕಿಂತ ಕಡಿಮೆ. ಆದರೆ ಮುಂದೆ ಎರಡನೆಯ ಮೈಕ್ ಸೇರಿಸುವ ಯೋಚನೆ ಇದ್ದರೆ ಇಂಟರ್‌ಫೇಸ್‌ಗೆ ಸಿಕ್ಕಿಸುವ ಎಕ್ಸ್‌ಎಲ್‌ಆರ್ ಕೇಬಲ್‌ನ ಮೈಕೇ ಲೇಸು. ಕಂಪ್ಯೂಟರ್ ಬದಲಾದರೂ ಇಂಟರ್‌ಫೇಸ್ ಬದಲಾದರೂ ಆ ಮೈಕ್ ಕೆಲಸ ಮಾಡುತ್ತಲೇ ಇರುತ್ತದೆ.

ನಾನು ಕೊಂಡದ್ದು ಎನ್‌ಟಿ1-ಎ. ಕಾರಣಗಳು ಮೂರು: ವೀಣೆಗೆ ಬೇಕಾದ ನಿಶ್ಶಬ್ದ, ಜೊತೆಗೇ ಬರುವ, ಕಂಪನ ತಡೆಯುವ ಶಾಕ್ ಮೌಂಟ್ ಮತ್ತು ಕೇಬಲ್, ನೋಂದಾಯಿಸಿದರೆ ಸಿಗುವ ಹತ್ತು ವರ್ಷದ ವಾರಂಟಿ. ಇದರ ಮೇಲಿನ ಸ್ಥಾಯಿ ತುಸು ಚುರುಕು. ನನ್ನ ವೀಣೆಯ ಗಂಭೀರ ದನಿಗೆ ಅದು ಹೊಂದಿತು, ಪಿಟೀಲು ನುಡಿಸುವ ಗೆಳೆಯರಿಗೆ ನಾನದನ್ನು ಕೊಳ್ಳಲು ಹೇಳಲಿಲ್ಲ. ತೀರ್ಮಾನಕ್ಕೆ ಮುನ್ನ ಪರಿಚಿತರಿಂದ ಬೇರೆ ಬೇರೆ ಮೈಕ್‌ಗಳನ್ನು ಎರವಲು ತಂದು, ನನ್ನ ಕೋಣೆಯಲ್ಲೇ, ಒಂದೇ ವರ್ಣವನ್ನು ನುಡಿಸಿ ಕೇಳಿದ್ದೆ. ಹೀಗೆ ಹೋಲಿಸುವಾಗ ಎಲ್ಲ ರೆಕಾರ್ಡಿಂಗ್‌ಗಳ ಗಟ್ಟಿತನವನ್ನು ಒಂದೇ ಮಟ್ಟಕ್ಕೆ ತರಬೇಕು. ತುಸು ಗಟ್ಟಿಯಾಗಿ ಕೇಳುವುದನ್ನೇ ಉತ್ತಮವೆಂದು ಕಿವಿ ನಂಬಿಬಿಡುತ್ತದೆ.

ಹಣ ಕೊಡುವ ಬಗೆಯಲ್ಲೂ ಉಳಿತಾಯವಿದೆ. ‘ಬಡ್ಡಿಯಿಲ್ಲದ ಇಎಂಐ’ ಆರಿಸುವ ಮುನ್ನ ನಗದಾಗಿ ಕೊಟ್ಟರೆ ಎಷ್ಟು ಕಡಿಮೆಯಾಗುತ್ತದೆ ಎಂದು ಕೇಳಿ. ಅನೇಕ ವೇಳೆ ಆ ರಿಯಾಯಿತಿಯೇ ಬಡ್ಡಿಯ ಜಾಗ ತುಂಬಿರುತ್ತದೆ. ಕ್ರೆಡಿಟ್ ಕಾರ್ಡ್‌ನ ಇಎಂಐಯಲ್ಲಿ ಬಡ್ಡಿಯ ಭಾಗದ ಮೇಲೆ 18% ಜಿಎಸ್‌ಟಿ ಬೀಳುತ್ತದೆ, ಸಂಸ್ಕರಣಾ ಶುಲ್ಕವೂ ಇರಬಹುದು. ನಾನು ತಿಂಗಳು ತಿಂಗಳು ಪಾಠದ ಹಣದಲ್ಲಿ ಒಂದು ಪಾಲು ಎತ್ತಿಟ್ಟು, ಪೂರ್ತಿ ಕೂಡಿದ ಮೇಲೆಯೇ ಕೊಂಡೆ. ಬಳಸಿದ ಮೈಕ್‌ಗಳೂ ಒಳ್ಳೆಯ ಆಯ್ಕೆ. ಆದರೆ ಕಂಡೆನ್ಸರ್‌ಗೆ ತೇವ ಆಗದು; ಕರಾವಳಿಯ ಮಳೆಗಾಲ ಕಂಡ ಮೈಕ್ ಆದರೆ ಹೆಡ್‌ಫೋನ್ ಹಾಕಿ ಐದು ನಿಮಿಷ ಬರೀ ಮೌನವನ್ನು ರೆಕಾರ್ಡ್ ಮಾಡಿ, ಚಿಟಪಟ ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಕೊಂಡ ಮೇಲೆ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬದಲ್ಲಿಡಿ.

ಎಲ್ಲರೂ ಕೊಳ್ಳಲೇಬೇಕೆಂದೇನೂ ಇಲ್ಲ. ನಾನು ಬಲ್ಲ ಸಣ್ಣ ಸ್ಟುಡಿಯೊಗಳಲ್ಲಿ ಗಂಟೆಗೆ ಸಾವಿರ ರೂಪಾಯಿ ಆಸುಪಾಸು. ಆ ಲೆಕ್ಕದಲ್ಲಿ 40,000 ರೂಪಾಯಿ ಎಂದರೆ 40 ಗಂಟೆ. ಎರಡು ವರ್ಷದಲ್ಲಿ ಅಷ್ಟು ಹೊತ್ತು ರೆಕಾರ್ಡ್ ಮಾಡುವುದಿಲ್ಲ ಎನಿಸಿದರೆ ಬಾಡಿಗೆಯೇ ಜಾಣತನ. ನನ್ನಂತೆ ಪ್ರತಿ ವಾರ ಪಾಠ ರೆಕಾರ್ಡ್ ಮಾಡುವವರಿಗೆ, ಗಡಿಯಾರ ನೋಡದೆ ಒಂದೇ ಆಲಾಪನೆಯನ್ನು ಮತ್ತೆ ಮತ್ತೆ ನುಡಿಸಿ ನೋಡುವ ಹಂಬಲ ಇರುವವರಿಗೆ, ಸ್ವಂತದ್ದು ಬೇಗ ಅಸಲು ತೀರಿಸುತ್ತದೆ.

ನಾನು ಇಷ್ಟು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ನಮ್ಮ ಊರುಗಳಲ್ಲಿ ವೀಣೆ, ಪಿಟೀಲು, ಮೃದಂಗಗಳ ಬಾನಿಯನ್ನು ಬೆರಳಲ್ಲಿ ಇಟ್ಟುಕೊಂಡ ಹಿರಿಯರು ಅನೇಕರು ಒಂದು ಒಳ್ಳೆಯ ರೆಕಾರ್ಡಿಂಗ್ ಕೂಡ ಇಲ್ಲದೆ ಇದ್ದಾರೆ. ಎಂದೋ ಒಂದು ದಿನ ದೊಡ್ಡ ಮೈಕ್ ಕೊಂಡು ಅವರನ್ನು ಹಿಡಿದಿಡೋಣ ಎಂದು ಕಾಯುವುದು ದುಬಾರಿಯ ತಪ್ಪು. ಆ ದಿನ ಬರುವಷ್ಟರಲ್ಲಿ ನುಡಿಸುವ ಕೈಗಳೇ ಸೋತಿರಬಹುದು. ಹತ್ತು ಸಾವಿರದ ಮೈಕ್, ಹಾಸಿಗೆ ನಿಲ್ಲಿಸಿದ ಕೋಣೆ, ಫ್ಯಾನ್ ಆರಿಸಿದ ಒಂದು ರಾತ್ರಿ: ಆ ಕೆಲಸಕ್ಕೆ ಇಷ್ಟು ಸಾಕು. ನಿಮ್ಮ ಬಜೆಟ್‌ನ ಮೊದಲ ರೂಪಾಯಿ ಕೋಣೆಗೆ ಹೋಗಲಿ, ಮೊದಲ ರೆಕಾರ್ಡಿಂಗ್ ನಿಮ್ಮ ಗುರುಗಳದ್ದಾಗಲಿ.